ಹೆಸರು ಬರೆಯದ ಬನಿಯನ್

ನನ್ನ ಹೆಂಡತಿ ಪೂವಾತ್ತಾಳ್ ಪುರಟ್ಟಾಸಿ ತಿಂಗಳಿನಲ್ಲಿ ತೀರಿಕೊಂಡಳು. ಮೂರು ತಿಂಗಳು ಕಳೆದು ಮಾರ್ಗಳಿಯ ಚಳಿ ಹಿಡಿದ ಮೇಲೆ ಒಂದು ಭಾನುವಾರ ಬೆಳಗ್ಗೆ ನಮ್ಮ ಬೀದಿಯ ಪಳನಿ ಪಾದಯಾತ್ರೆಯ ಕೂಟದವರು ಮನೆಗೆ ಬಂದರು. ಮುರುಗನ ತೈಪೂಸ ಹಬ್ಬಕ್ಕೆ ಮೊದಲು ಅವರು ಸೇರುತ್ತಿದ್ದುದು ಯಾವಾಗಲೂ ನಮ್ಮ ಜಗಲಿಯಲ್ಲೇ. ಈ ಸಲ ಕುಳಿತುಕೊಳ್ಳುವುದೋ ಬೇಡವೋ ಎಂದು ಅನುಮಾನಿಸುತ್ತ ಬೀದಿಯಲ್ಲೇ ನಿಂತಿದ್ದರು. ನನ್ನ ಮಗಳು ದೆಯ್ವಾನೈ ಹೊರಗೆ ಬಂದು, "ಯಾಕೆ, ಅಮ್ಮ ಇಲ್ಲ ಅಂದ್ರೆ ಜಗಲಿ ಕಚ್ಚುತ್ತಾ? ಕೂತ್ಕೊಳ್ಳಿ, ಕಾಫಿ ತರ್ತೀನಿ" ಎಂದಳು. ಆಗ ಕುಳಿತರು.

ಅವರು ಬಂದದ್ದು ಬನಿಯನ್ನಿನ ವಿಷಯ ಮಾತಾಡಲು. ತಿರುಪ್ಪೂರಿನಲ್ಲಿ ನಾವು ಟೀ ಶರ್ಟಿಗೂ ಬನಿಯನ್ ಎಂದೇ ಅನ್ನುವುದು. ನಡೆದು ಪಳನಿಗೆ ಹೋಗುವ ಪ್ರತಿಯೊಂದು ಕೂಟವೂ ಹಸಿರು ಬನಿಯನ್ ಹೊಲಿಸಿ, ಎದೆಯ ಮೇಲೆ ಮುರುಗನ ವೇಲಾಯುಧವನ್ನೋ ಕೂಟದ ಹೆಸರನ್ನೋ ಹಾಕಿಸಿಕೊಳ್ಳುತ್ತದೆ. ನಾನು ಬಟ್ಟೆಗೆ ಅಚ್ಚು ಹೊಡೆಯುವ ಮೇಜಿನ ಮುಂದೆ ನಿಂತು ಕೂದಲು ನರೆತವನು. ಪೂವಾತ್ತಾಳ್, ಹೊಲಿದು ಬಂದ ಬನಿಯನ್ನುಗಳ ಉಳಿಕೆ ನೂಲು ಕತ್ತರಿಸುವ ಕೆಲಸದಲ್ಲಿದ್ದಳು. ಆದ್ದರಿಂದ ಬಟ್ಟೆ ಎಂಥದು, ಅದರ ಮೇಲಿನ ಚಿತ್ರ ಯಾವ ಬಗೆಯದು ಎಂಬುದನ್ನು ಕೂಟ ನಮ್ಮಿಬ್ಬರಿಗೇ ಬಿಟ್ಟಿತ್ತು.

ಮೊದಲು ಬಾಯಿ ತೆರೆದವನು ತಂಗವೇಲು. ಅವನು ಬಸ್ ಸ್ಟ್ಯಾಂಡಿನ ಹಿಂದೆ ಸಣ್ಣ ಅಂಗಡಿ ಇಟ್ಟಿದ್ದಾನೆ. ಕಂಪ್ಯೂಟರಿನಲ್ಲಿ ಚಿತ್ರ ಮಾಡಿ, ಮಿನುಗುವ ಹಾಳೆಯ ಮೇಲೆ ಇಳಿಸಿ, ಆ ಹಾಳೆಯನ್ನು ಬನಿಯನ್ನಿನ ಮೇಲಿಟ್ಟು ಕಾದ ಕಬ್ಬಿಣದ ಹಲಗೆಯಿಂದ ಒತ್ತುತ್ತಾನೆ. ಹುಟ್ಟುಹಬ್ಬಕ್ಕೆ, ಮದುವೆಗೆ, ಕಾಲೇಜಿನ ಹುಡುಗರಿಗೆ ಯಾರ ಮುಖ ಬೇಕಾದರೂ ಕ್ಷಣದಲ್ಲಿ ಬನಿಯನ್ನಿನ ಮೇಲೆ ಬಂದು ಕೂರುತ್ತದೆ.

"ಅಯ್ಯಾ, ಈ ವರ್ಷ ಬೇರೆ ಏನೂ ಬೇಡ" ಎಂದ. "ಎಲ್ಲರ ಎದೆ ಮೇಲೂ ಆತ್ತಾ ಫೋಟೋ. ಕೆಳಗೆ ಹೆಸರು. ನನ್ನ ಅಂಗಡೀಲಿ ನಾನೇ ಮಾಡಿಕೊಡ್ತೀನಿ. ನೀವು ಹೂಂ ಅನ್ನಿ ಸಾಕು."

ಆತ್ತಾ ಎಂದರೆ ಅಮ್ಮ. ಬೀದಿಯವರೆಲ್ಲ ಪೂವಾತ್ತಾಳನ್ನು ಹಾಗೆಯೇ ಕರೆಯುತ್ತಿದ್ದರು. ತಂಗವೇಲುವಿನ ಬಾಯಲ್ಲಿ ಆ ಮಾತಿಗೆ ಇನ್ನೂ ಸ್ವಲ್ಪ ತೂಕ ಹೆಚ್ಚು. ತಂದೆತಾಯಿ ಇಲ್ಲದೆ ಮಧುರೆಯ ಕಡೆಯಿಂದ ಕೆಲಸಕ್ಕೆ ಬಂದ ಮೊದಲ ವರ್ಷ ಅವನು ಕೂಟದ ಜೊತೆ ನಡೆದ. ಪಾದದ ತುಂಬ ಗುಳ್ಳೆ ಎದ್ದು ಎಲ್ಲರಿಗಿಂತ ಹಿಂದೆ ಬಿದ್ದ. ಪೂವಾತ್ತಾಳ್ ಯಾವಾಗಲೂ ಕೊನೆಯವರ ಹಿಂದೆ ನಡೆಯುವವಳು. ಒಬ್ಬರೂ ದಾರಿಯಲ್ಲಿ ಉಳಿಯಬಾರದು ಎಂಬುದು ಅವಳು ತಾನಾಗಿ ಹೊತ್ತ ಹರಕೆ. ಆ ಸಲ ಅವಳು ಅವನ ಹಿಂದೆ, ಅವನ ಕುಂಟು ನಡೆಗೆ ಹೆಜ್ಜೆ ಹೊಂದಿಸಿಕೊಂಡು, ಬೈಯುತ್ತ, ಶುಂಠಿ ಕಾಫಿ ಕುಡಿಸುತ್ತ ಪಳನಿಯ ದಾರಿಯಲ್ಲಿರುವ ಧಾರಾಪುರದವರೆಗೆ ನಡೆದಳು. ಅಲ್ಲಿಂದ ಮುಂದೆ ಅವನು ನಮ್ಮವನೇ ಆದ.

"ಫೋಟೋ ಯಾಕಪ್ಪಾ?" ಎಂದಳು ತುಳಸಿಮಣಿ. ಅವಳು ಪೂವಾತ್ತಾಳ ಗೆಳತಿ, ನನಗೆ ತಂಗಿಯ ಹಾಗೆ. ಅವಳ ಮನೆಯ ಕೆಳಗಿನ ಅಂತಸ್ತಿನಲ್ಲಿ ಕಸೂತಿ ಹಾಕುವ ಕಂಪ್ಯೂಟರ್ ಯಂತ್ರ ಹಗಲೆಲ್ಲ ಓಡುತ್ತದೆ. "ಮಾಲೆ ಹಾಕ್ಕೊಂಡು ಸಾಮಿ ನೋಡೋಕೆ ಹೋಗ್ತೀವಿ. ಎದೆ ಮೇಲೆ ಸತ್ತವರ ಚಿತ್ರ ಅಂತ ನಾಲ್ಕು ಜನ ಅಂತಾರೆ."

"ಆತ್ತಾ ಸತ್ತಿದ್ದಾರೆ ಅಂತ ಯಾರು ಹೇಳಿದ್ದು ಅತ್ತೆ? ಮುರುಗನ ಹತ್ತಿರ ನಮಗಿಂತ ಮುಂಚೆ ಹೋಗಿದ್ದಾರೆ. ಅಷ್ಟೇ."

"ಜೀವಮಾನವೆಲ್ಲ ಹಿಂದೆ ನಡೆದವರು, ಇದಕ್ಕೆ ಮಾತ್ರ ಮುಂದೆ ಹೋದ್ರು" ಎಂದು ತುಳಸಿಮಣಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಸುಧಾರಿಸಿಕೊಂಡು, "ನನ್ನ ಮಾತು ಕೇಳಿ. ಅಕ್ಕನ ಹೆಸರು ಎಂಬ್ರಾಯ್ಡರಿ ಮಾಡಿಕೊಡ್ತೀನಿ. ಹಳದಿ ನೂಲು. ಎಷ್ಟು ಒಗೆದರೂ ಹೋಗಲ್ಲ. ಇವನ ಹಾಳೆ ಚಿತ್ರ ಪೊಂಗಲ್ ಹಬ್ಬ ಕಳೆಯೋ ಅಷ್ಟರಲ್ಲಿ ಸಿಪ್ಪೆ ಏಳುತ್ತೆ" ಎಂದಳು.

"ನಿಮ್ಮ ನೂಲು ಬಟ್ಟೆನ ಸುಕ್ಕು ಮಾಡುತ್ತೆ. ಎದೆ ಮೇಲೆ ಒಣದ್ರಾಕ್ಷಿ ಅಂಟಿಸಿದ ಹಾಗೆ."

"ನಿನ್ನ ಅಂಗಡಿ ಬನಿಯನ್ ಹಾಕ್ಕೊಂಡ್ರೆ ಪ್ಲಾಸ್ಟಿಕ್ ಚೀಲ ಕಟ್ಕೊಂಡ ಹಾಗೆ."

ಇಬ್ಬರೂ ನನ್ನ ಕಡೆ ತಿರುಗಿದರು.

ನನ್ನೊಳಗೆ ಇದ್ದ ಸಂಗತಿ ಇದು. ನಮ್ಮ ಊರಿನಲ್ಲಿ ಬಟ್ಟೆಯ ಒಂದು ಚೂರೂ ದಂಡವಾಗುವುದಿಲ್ಲ. ಹಳೆಯ ಬನಿಯನ್ನುಗಳನ್ನು ಹರಿದು, ಗಂಟು ಕಟ್ಟಿ, ತೂಕದಲ್ಲಿ ಮಾರುತ್ತಾರೆ. ಅವು ವರ್ಕ್‌ಶಾಪುಗಳಿಗೆ ಹೋಗುತ್ತವೆ, ಗ್ರೀಸು ಒರೆಸಲು. ಒಮ್ಮೆ ಲಾರಿ ರಿಪೇರಿಯವನೊಬ್ಬ ಎಂಜಿನ್ನಿನಿಂದ ಕೈ ತೆಗೆದು ಒಂದು ಹರಕಿನಿಂದ ಬೆರಳು ಒರೆಸಿಕೊಂಡದ್ದನ್ನು ಕಂಡೆ. ಅದರ ಮೇಲೆ ಬಾಲಮುರುಗನ ನಗುಮುಖ ಇತ್ತು. ಅವನದೇನೂ ತಪ್ಪಿಲ್ಲ. ಅವನು ನೋಡಿಯೇ ಇರಲಿಲ್ಲ. ಅಂದಿನಿಂದ ಬನಿಯನ್ನಿನ ಮೇಲೆ ಮುಖ ಕಂಡಾಗಲೆಲ್ಲ ಅದರ ಕೊನೆ ನನ್ನ ಕಣ್ಣಿಗೆ ಬರುತ್ತದೆ. ಪೂವಾತ್ತಾಳ ಮುಖ ನಾಳೆ ಯಾವ ಕಪ್ಪು ಎಣ್ಣೆಯನ್ನು ಒರೆಸಬೇಕು? ಅದನ್ನು ನಾನು ಹೇಗೆ ತಡೆದುಕೊಳ್ಳಲಿ?

ಹಾಗೆಂದು ಇವರಿಗೆ ಬೇಡ ಎನ್ನುವುದು ಹೇಗೆ? ಅವಳು ಆಸ್ಪತ್ರೆಯಲ್ಲಿದ್ದಾಗ ಈ ಕೂಟದವರೇ ಸರದಿ ಹಾಕಿಕೊಂಡು ಕಾದರು. ತುಳಸಿಮಣಿ ಯಂತ್ರ ನಿಲ್ಲಿಸಿ ಬಂದು ಅವಳ ತಲೆ ಬಾಚುತ್ತಿದ್ದಳು. ತಂಗವೇಲು ಅವಳನ್ನು ಹೆತ್ತ ಮಗನ ಹಾಗೆ ಎತ್ತಿ ಕೂರಿಸುತ್ತಿದ್ದ. ಕೊನೆಗೆ ಹೆಗಲೂ ಕೊಟ್ಟ. ಇಷ್ಟೆಲ್ಲ ಮಾಡಿದವರು ಕೈತುಂಬ ಪ್ರೀತಿ ಹಿಡಿದುಕೊಂಡು ಬಾಗಿಲಿಗೆ ಬಂದಾಗ, ನಿಮ್ಮ ಪ್ರೀತಿ ಗ್ರೀಸು ಒರೆಸುವ ಹರಕಾಗುತ್ತದೆ ಎಂದು ಹೇಳುವುದು ಯಾವ ನಾಲಿಗೆಯಿಂದ?

"ಸ್ಯಾಂಪಲ್ ನೋಡೋಣ" ಎಂದೆ.

ಬನಿಯನ್ ಊರಿನಲ್ಲಿ ಇದು ಇಲ್ಲ ಎನ್ನಲು ಬಾಯಿ ಬಾರದವರ ಮಾತು. ಪರದೇಶಕ್ಕೆ ಕಳಿಸುವ ಕಂಪನಿಯವರು ಅಚ್ಚಿನವನಿಗೆ ಹೇಳುವುದು ಇದನ್ನೇ, ಗಂಡು ನೋಡಲು ಹೋದವರು ಮದುವೆ ದಲ್ಲಾಳಿಗೆ ಹೇಳುವುದೂ ಇಂಥದನ್ನೇ. ಅದರ ಅರ್ಥ ಎಲ್ಲರಿಗೂ ಗೊತ್ತು. ಆದರೆ ಅವತ್ತು ತಂಗವೇಲುವಿಗೂ ತುಳಸಿಮಣಿಗೂ ಅದು ತಿಳಿಯಲಿಲ್ಲ, ಅಥವಾ ತಿಳಿಯುವುದು ಬೇಡವಾಗಿತ್ತು. ಇಬ್ಬರೂ ಖುಷಿಯಿಂದ ಕಾಫಿ ಕುಡಿದು ಎದ್ದರು.

ಮೊದಲು ಸ್ಯಾಂಪಲ್ ತಂದವಳು ತುಳಸಿಮಣಿ. ಹಸಿರು ಬನಿಯನ್ನಿನ ಎಡ ಎದೆಯ ಮೇಲೆ ಹಳದಿ ನೂಲಿನಲ್ಲಿ "ಪೂವಾತ್ತಾಳ್" ಎಂದಿತ್ತು. ಅಕ್ಷರ ಒಂದಕ್ಕೊಂದು ಮುತ್ತು ಕೋದ ಹಾಗೆ. ನಾನು ಬೆರಳು ಆಡಿಸಿ ನೋಡಿದೆ. ಒಂದು ಗಳಿಗೆ ಮನಸ್ಸು ಅಲ್ಲೇ ನಿಂತಿತು.

ಆಮೇಲೆ ಅಭ್ಯಾಸಬಲದಿಂದ ಬನಿಯನ್ನನ್ನು ಒಳಮಗ್ಗುಲಿಗೆ ತಿರುವಿದೆ. ಅದು ಪೂವಾತ್ತಾಳ ಅಭ್ಯಾಸ. ನೂಲು ಕತ್ತರಿಸುವವರು ಬಟ್ಟೆಯ ಒಳಮುಖವನ್ನೇ ನೋಡಿ ಬದುಕಿದವರು. "ಹೊರಗಿಂದು ಊರು ನೋಡೋಕೆ, ಒಳಗಿಂದು ಮೈ ನೋಡೋಕೆ" ಎನ್ನುತ್ತಿದ್ದಳು. ಒಳಗಡೆ ಕಸೂತಿಯ ಹಿಂದೆ ಗಟ್ಟಿ ಕಾಗದದಂಥ ತುಂಡು, ಅದರ ಮೇಲೆ ಗಂಟು ಗಂಟು ನೂಲು.

ನಾನು ಏನೂ ಹೇಳುವ ಮೊದಲೇ ತುಳಸಿಮಣಿ, "ಗೊತ್ತು ಅಣ್ಣಾ, ಗೊತ್ತು" ಎಂದಳು. "ನಿನ್ನೆ ಇದನ್ನೇ ಹಾಕ್ಕೊಂಡು ಅಂಗಳ ಗುಡಿಸಿದೆ. ಬೆವರು ಬಂತು ನೋಡಿ, ಎದೆಯೆಲ್ಲ ಕೆರೆತ. ಇರುವೆ ಬಿಟ್ಟ ಹಾಗೆ. ಪಳನಿ ಮುಟ್ಟೋ ಅಷ್ಟರಲ್ಲಿ ಎಲ್ಲರೂ ಅಕ್ಕನ ಹೆಸರು ಕೆರ್ಕೊಂಡೇ ನಡೀಬೇಕು."

ನನಗೆ ನಗು ಬಂತು. ಪೂವಾತ್ತಾಳ್ ಹೋದ ಮೇಲೆ ಅಷ್ಟು ಸಲೀಸಾಗಿ ನಕ್ಕದ್ದು ಅದೇ ಮೊದಲು.

"ದಪ್ಪ ಬಟ್ಟೆ ತಗೊಂಡ್ರೆ ಆಗುತ್ತೆ" ಎಂದಳು ತುಳಸಿಮಣಿ. "ಆದ್ರೆ ಬಿಸಿಲಲ್ಲಿ ಸತ್ತುಹೋಗ್ತೀವಿ."

ಅವಳೇ ಇಷ್ಟು ಬಿಚ್ಚಿ ಮಾತಾಡಿದ್ದರಿಂದ ನನಗೂ ಧೈರ್ಯ ಬಂತು. ಗ್ರೀಸಿನ ಹರಕಿನ ಮಾತನ್ನು ಹೇಳಿದೆ.

"ಎಂಬ್ರಾಯ್ಡರಿಗೆ ಆ ಭಯ ಇಲ್ಲವಲ್ಲ ಅಣ್ಣಾ. ಬಟ್ಟೆ ಹಳೇದಾದ್ರೆ ನೂಲು ಬಿಚ್ಚಿ ತೆಗೀಬಹುದು. ಎಲ್ಲರ ಹತ್ತಿರಾನೂ ವಾಪಸ್ ಇಸ್ಕೊಂಡು ನಾನೇ ಬಿಚ್ಚಿಬಿಡ್ತೀನಿ."

"ಅವಳ ಹೆಸರನ್ನ ಅಕ್ಷರ ಅಕ್ಷರವಾಗಿ ಬಿಚ್ಚೋಕೆ ನಿನ್ನ ಕೈ ಬರುತ್ತಾ ಮಣೀ?"

ಅವಳು ಬನಿಯನ್ನನ್ನು ಮಡಿಸಲು ಹೋದಳು; ಮಡಿಕೆ ಹೆಸರಿನ ಮೇಲೆಯೇ ಬಂತು. ಬಿಡಿಸಿ ಇನ್ನೊಂದು ರೀತಿ ಮಡಿಸಿದಳು. ಆಮೇಲೆ ಎದ್ದು ನಿಂತು, "ಇದನ್ನ ಮೊನ್ನೆಯೇ ತಂಗವೇಲು ಎದುರಿಗೆ ಹೇಳೋಕೆ ಏನಾಗಿತ್ತು? ಬಾಯಲ್ಲಿ ಕಡುಬು ಇಟ್ಕೊಂಡಿದ್ರಾ? ಆ ಹುಡುಗ ಫೋಟೋ ಹುಡುಕ್ತಾ ಊರೆಲ್ಲ ಅಲೀತಿದ್ದಾನೆ" ಎಂದು ಬೈದು ಹೋದಳು.

ತಂಗವೇಲು ಹಲವು ದಿನ ಬರಲಿಲ್ಲ. ಬೀದಿಯಲ್ಲಿ ಕಂಡರೆ, ಆಗ್ತಾ ಇದೆ ಅಯ್ಯಾ, ಆಗ್ತಾ ಇದೆ ಎಂದು ಗಾಡಿ ನಿಲ್ಲಿಸದೆ ಹೋಗುತ್ತಿದ್ದ. ಪ್ರತಿ ಬೆಳಗ್ಗೆ ಮುರುಗನ ಮುಂದೆ ನಿಂತು, ಅಪ್ಪಾ, ಅವನ ಮನಸ್ಸು ನೋಯದ ಹಾಗೆ ಇಲ್ಲ ಎನ್ನುವ ಒಂದು ಮಾತು ಕೊಡು ಎಂದು ಬೇಡಿಕೊಳ್ಳುತ್ತಿದ್ದೆ. ಅಂಥ ಮಾತು ನನಗೆ ಸಿಗಲೇ ಇಲ್ಲ.

ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಅವನು ಬಂದ. ಕೈಯಲ್ಲಿ ಬನಿಯನ್ ಇರಲಿಲ್ಲ. ಸುರುಳಿ ಸುತ್ತಿದ ಮಿನುಗು ಹಾಳೆ ಮಾತ್ರ ಇತ್ತು. ಜಗಲಿಯ ಮೇಲೆ ಅದನ್ನು ಬಿಡಿಸಿದ. ಪೂವಾತ್ತಾಳ್. ಯಾವುದೋ ವರ್ಷದ ಯಾತ್ರೆಯಲ್ಲಿ ತೆಗೆದದ್ದು. ತಲೆಯ ಮೇಲೆ ಬಿಸಿಲಿಗೆ ಟವೆಲು ಹಾಕಿಕೊಂಡು, ಯಾರನ್ನೋ ಬೈದು ಮುಗಿಸಿ ಆಗಷ್ಟೇ ನಗುತ್ತಿದ್ದಾಳೆ.

ಒಳಗಿನಿಂದ ಬಂದ ದೆಯ್ವಾನೈ ಬಾಗಿಲಲ್ಲೇ ನಿಂತಳು.

"ಸ್ಯಾಂಪಲ್ ಎಲ್ಲಪ್ಪಾ?" ಎಂದು ಕೇಳಿದೆ.

ಅವನು ತಲೆ ತಗ್ಗಿಸಿದ. "ಆಗಲಿಲ್ಲ ಅಯ್ಯಾ."

"ಯಂತ್ರ ಕೆಟ್ಟಿತಾ?"

"ಯಂತ್ರ ಚೆನ್ನಾಗೇ ಇದೆ. ಬನಿಯನ್ ಹಾಸಿದೆ. ಹಾಳೆ ಇಟ್ಟೆ. ಮೇಲಿನ ಹಲಗೆ ಕಾದಿತ್ತು. ಆತ್ತಾ ಹೀಗೇ ನಗ್ತಾ ಇದ್ರು." ಅವನು ಹಾಳೆಯ ಸುರುಳಿಯಾದ ಅಂಚನ್ನು ಬಿಡಿಸಿ ಹಿಡಿದ. "ಹಲಗೆ ಇಳಿಸೋಕೆ ಕೈ ಬರಲಿಲ್ಲ. ಅವತ್ತು ಸ್ಮಶಾನದಲ್ಲಿ ಆ ಒಲೆಯ ಕಬ್ಬಿಣದ ಬಾಗಿಲು ಮುಚ್ಚಿದ್ರಲ್ಲ, ಅದೇ ನೆನಪಾಯ್ತು. ಮರುದಿನ ನೋಡೋಣ ಅಂದ್ಕೊಂಡೆ. ಮರುದಿನವೂ ಆಗಲಿಲ್ಲ. ದಿನಾ ಎಷ್ಟು ಮುಖ ಒತ್ತುತೀನಿ ಅಯ್ಯಾ, ಲೆಕ್ಕ ಇಲ್ಲ. ಇದೊಂದು ಆಗಲಿಲ್ಲ. ನಾನೇ ಕೇಳ್ಕೊಂಡು ಬಂದವನು, ನಾನೇ ಆಗಲ್ಲ ಅಂತ ನಿಮ್ಮ ಮುಂದೆ ಹೇಗೆ ಹೇಳೋದು ಅಂತ ತಪ್ಪಿಸ್ಕೊಂಡು ತಿರುಗ್ತಿದ್ದೆ."

ನಾನು ಅವನ ಬೆನ್ನಿನ ಮೇಲೆ ಕೈ ಇಟ್ಟೆ. ನನ್ನ ಭಯವನ್ನೂ ಹೇಳಿದೆ. ಲಾರಿ ರಿಪೇರಿಯವನ ಕೈಯಲ್ಲಿ ಕಂಡದ್ದನ್ನೂ ಹೇಳಿದೆ. ಅವನು ಅದನ್ನು ಕೇಳಿ, "ಇದನ್ನ ಮೊದಲೇ ಹೇಳಿದ್ರೆ ನಾನು ಇಷ್ಟು ದಿನ ಊಟ ಬಿಡ್ತಿರಲಿಲ್ಲ" ಎಂದ. ದೆಯ್ವಾನೈ ಒಳಗಿನಿಂದಲೇ, "ಊಟ ಬಿಟ್ಟವನ ಹೊಟ್ಟೆ ನೋಡು" ಎಂದಳು. ಅವನಿಗೆ ಎಲೆ ಹಾಕಿ ಬಡಿಸಿದಳು ಕೂಡ. ಆ ಹಾಳೆಯನ್ನು ಅವಳೇ ಇಸಿದುಕೊಂಡು ತನ್ನ ಕೋಣೆಯಲ್ಲಿಟ್ಟುಕೊಂಡಳು.

ಊಟ ಮಾಡುತ್ತ ಅವನು ಕೇಳಿದ: "ಹಾಗಾದ್ರೆ ಏನು ಹಾಕೋದು ಅಯ್ಯಾ? ರಬ್ಬರ್ ಪ್ರಿಂಟಾ?"

ರಬ್ಬರ್ ಪ್ರಿಂಟ್ ಎಂದರೆ ಬಟ್ಟೆಯ ಮೇಲೆ ದಪ್ಪ ಬಣ್ಣದ ಪದರ ಕೂರಿಸುವುದು. ನೋಟಕ್ಕೆ ಚೆನ್ನ. ಬಿಸಿಲಲ್ಲಿ ನಡೆಯುವವನ ಎದೆಗೆ ಅದು ಮುಚ್ಚಿದ ಕಿಟಕಿ. ಅದರ ಹಿಂದೆ ಬೆವರು ಹರಿಯುತ್ತದೆ, ಆರುವುದಿಲ್ಲ. ಅದು ಬೇಡ ಎಂದೆ. ಡಿಸ್ಚಾರ್ಜ್ ಮಾಡಿಸೋಣ ಎಂದೆ. ಡಿಸ್ಚಾರ್ಜ್ ಬೇರೆ ಜಾತಿಯದು. ಅದರಲ್ಲಿ ಬಟ್ಟೆಯ ಮೇಲೆ ಏನನ್ನೂ ಕೂರಿಸುವುದಿಲ್ಲ. ಅಚ್ಚು ಬಿದ್ದ ಕಡೆ ಬಟ್ಟೆಯ ಬಣ್ಣವೇ ಬಿಟ್ಟುಹೋಗಿ ಅದರ ಹುಟ್ಟುಬಿಳುಪು ಕಾಣುತ್ತದೆ. ಭಾರವಿಲ್ಲ, ಕೆರೆತವಿಲ್ಲ, ಗಾಳಿ ಆಡುತ್ತದೆ. ಕೈಯಾಡಿಸಿದರೆ ಅಲ್ಲಿ ಚಿತ್ರವಿದೆ ಎಂದೇ ತಿಳಿಯುವುದಿಲ್ಲ.

"ಒಂದು ವೇಲ್ ಮಾತ್ರ" ಎಂದೆ. "ಮುಖ ಬೇಡ. ಹೆಸರೂ ಬೇಡ."

"ಹೆಸರೂ ಬೇಡವಾ?" ಅವನ ತುತ್ತು ನಿಂತಿತು. "ಹಾಗಾದ್ರೆ ಅದರಲ್ಲಿ ಆತ್ತಾ ಎಲ್ಲಿರ್ತಾರೆ ಅಯ್ಯಾ?"

"ಮುರುಗನ ವೇಲ್ ಇದ್ದ ಕಡೆ ಅವಳು ಇದ್ದೇ ಇರ್ತಾಳೆ."

ಹಾಗೆ ಹೇಳಿದೆನೇ ಹೊರತು, ಅದು ಬಾಯಿಯ ಉತ್ತರ. ಅವನು ತಲೆಯಾಡಿಸಿ ಊಟ ಮುಂದುವರಿಸಿದ. ಅವನ ಪ್ರಶ್ನೆ ನನ್ನ ಹತ್ತಿರವೇ ಉಳಿಯಿತು. ಹರಕಾಗದ ಹಾಗೆ ಅವಳನ್ನು ಕಾಪಾಡಲು ಹೋಗಿ, ಕೂಟದಿಂದಲೇ ಅವಳನ್ನು ಅಳಿಸಿಹಾಕಿದೆನೇ ಎಂದು ಅನ್ನಿಸತೊಡಗಿತು.

ಅಚ್ಚು ಹೊಡೆದದ್ದು ನನ್ನ ಗೆಳೆಯ ಶಿವನ್ಮಲೈಯ ಶೆಡ್ಡಿನಲ್ಲಿ. ಅವನೂ ನಾನೂ ಒಂದೇ ಮೇಜಿನ ಎರಡು ಕಡೆ ನಿಂತು ಕೆಲಸ ಕಲಿತವರು. ಅವನು ಮುಂದೆ ಸ್ವಂತ ಶೆಡ್ಡು ಮಾಡಿದ. ಈಗಲೂ ನನ್ನನ್ನು ಮಾಪ್ಳೆ, ಅಂದರೆ ಭಾವ, ಎಂದೇ ಕರೆಯುತ್ತಾನೆ. ಬಟ್ಟೆ ಬಂದದ್ದು ತಡವಾಗಿ; ಬಣ್ಣದ ಕಾರ್ಖಾನೆಗಳಿಗೆ ನೀರಿನ ತೊಂದರೆಯಾಗಿ, ಹೊರಡುವ ದಿನ ಹತ್ತಿರವಾದ ಮೇಲೆಯೇ ಕತ್ತರಿಸಿದ ತುಂಡುಗಳು ಕೈಗೆ ಸಿಕ್ಕವು. ಒಳ್ಳೆಯ ಗಿಣಿ ಹಸಿರು.

ಡಿಸ್ಚಾರ್ಜ್ ಅಚ್ಚು ಹೊಡೆದಾಗ ಏನೂ ಕಾಣುವುದಿಲ್ಲ. ಒದ್ದೆಯಾದ ಗುರುತು ಅಷ್ಟೇ. ಕಾವಿನ ಯಂತ್ರದೊಳಗೆ ಪಟ್ಟಿಯ ಮೇಲೆ ಮಲಗಿ ಹೋಗಿ, ಆ ಕಡೆಯಿಂದ ಹೊರಬರುವಾಗ ಬಣ್ಣ ಬಿಟ್ಟಿರುತ್ತದೆ. ಕೆಟ್ಟ ವಾಸನೆ. ಮೂಗಿಗೆ ಟವೆಲು ಕಟ್ಟಿಕೊಂಡು ನಾನು ಆ ಕಡೆ ಕಾಯುತ್ತ ನಿಂತೆ. ಮೊದಲ ತುಂಡು ಹೊರಗೆ ಬಂತು.

ವೇಲ್ ಬೆಳ್ಳಗಿರಲಿಲ್ಲ. ನೀಲಿಯಾಗಿತ್ತು. ನವಿಲಿನ ಕುತ್ತಿಗೆಯ ನೀಲಿ.

ಹಿಂದಿನಿಂದ ಎರಡನೆಯದು, ಮೂರನೆಯದು. ಎಲ್ಲವೂ ನೀಲಿ.

"ಏ ಶಿವನ್ಮಲೈ, ಯಂತ್ರ ನಿಲ್ಲಿಸು" ಎಂದೆ.

ಅವನು ಓಡಿಬಂದು ಒಂದು ತುಂಡು ಎತ್ತಿ ಬೆಳಕಿಗೆ ಹಿಡಿದ. ಆಮೇಲೆ ಹಣೆ ಚಚ್ಚಿಕೊಂಡ. "ಕೆಟ್ಟೆ ಮಾಪ್ಳೆ. ಈ ಹಸಿರು ಬೇರೆ. ಹಳದಿ ಜೊತೆ ನವಿಲು ನೀಲಿ ಕಲಸಿ ಮಾಡಿದ್ದು. ಹಳದಿ ಬಿಟ್ಟುಹೋಯ್ತು, ಆ ನೀಲಿ ಬಿಡಲ್ಲ."

"ತುಂಡಿನ ಮೇಲೆ ಪರೀಕ್ಷೆ ಮಾಡಲಿಲ್ಲವಾ?"

"ಮಾಡಿದೆ. ಹೋದ ವರ್ಷದ ಬಟ್ಟೆ ಮೇಲೆ ಮಾಡಿದೆ. ಹಸಿರು ಅಂದ್ರೆ ಹಸಿರು ಅಂದ್ಕೊಂಡೆ."

"ಇಷ್ಟು ವರ್ಷ ಬಣ್ಣದಲ್ಲಿ ಮುಳುಗಿದವನು ಹಸಿರು ಅಂದ್ರೆ ಹಸಿರು ಅಂತೀಯಲ್ಲೋ."

"ನೀನು ಪಕ್ಕದಲ್ಲೇ ಇದ್ದೆಯಲ್ಲ ಮಾಪ್ಳೆ, ನಿನ್ನ ಕಣ್ಣು ಎಲ್ಲಿ ಹೋಗಿತ್ತು?"

ಅದೂ ನಿಜವೇ. ಇಬ್ಬರು ಮುದುಕರೂ ಒಬ್ಬರನ್ನೊಬ್ಬರು ನೋಡುತ್ತ ನಿಂತೆವು. ಆ ನೀಲಿಯ ಸ್ವಭಾವ ನಮ್ಮ ಕಸುಬಿನಲ್ಲಿ ಯಾರಿಗೆ ತಿಳಿಯದು? ಎಂಥ ಮದ್ದು ಹಾಕಿದರೂ ನೂಲನ್ನು ಬಿಟ್ಟು ಹೊರಡುವುದಿಲ್ಲ. ಪರದೇಶದ ಕೆಲಸದಲ್ಲಿ ಹೀಗಾಗಿದ್ದರೆ ಇಡೀ ಮಾಲು ವಾಪಸು ಬರುತ್ತಿತ್ತು.

ಶಿವನ್ಮಲೈ ಸಮಾಧಾನ ಮಾಡಿಕೊಂಡು, "ಏನೂ ಚಿಂತೆ ಇಲ್ಲ. ಮೇಲೆ ಬಿಳಿ ರಬ್ಬರ್ ಹೊಡೆದು ಮುಚ್ಚಿಬಿಡ್ತೀನಿ. ಹೋಗದಿರೋದನ್ನ ಮುಚ್ಚೋದೇ ದಾರಿ" ಎಂದ.

ನಾನು ಆ ತುಂಡನ್ನು ಒಳಮಗ್ಗುಲಿಗೆ ತಿರುವಿದೆ. ಒಳಗೂ ಅದೇ ವೇಲ್, ಅದೇ ನೀಲಿ, ಸ್ವಲ್ಪ ಮಾಸಲು. ಬೆರಳಿಗೆ ಏನೂ ತಾಗಲಿಲ್ಲ. ಮೈಗೆ ಹಿತವಾದ ಬಟ್ಟೆ. ಹೋಗು ಎಂದರೂ ಹೋಗದೆ ಉಳಿದದ್ದನ್ನು ಯಾಕೆ ಮುಚ್ಚಬೇಕು ಎಂದು ಅನ್ನಿಸಿತು. ಅದಕ್ಕಿಂತ ಹೆಚ್ಚಿನ ವಿಚಾರ ಆ ಹೊತ್ತಿಗೆ ನನ್ನ ತಲೆಗೆ ಬಂತು ಎಂದರೆ ಸುಳ್ಳಾಗುತ್ತದೆ.

"ಮುಚ್ಚಬೇಡ. ಇರಲಿ" ಎಂದೆ.

"ನೀಲಿ ವೇಲ್ ಎಲ್ಲಾದ್ರೂ ಉಂಟಾ? ಜನ ನಗ್ತಾರೆ."

"ನಗಲಿ. ಮುರುಗನಿಗೆ ನವಿಲು ಹೊಸದಾ?"

ಬನಿಯನ್ನುಗಳನ್ನು ಹಂಚಿದ ದಿನ ತುಳಸಿಮಣಿ ತನ್ನದನ್ನು ಬಿಡಿಸಿ ನೋಡಿ, "ಇದೇನು ಅಣ್ಣಾ, ವೇಲ್‌ಗೆ ಚಳಿ ಹಿಡಿದಿದೆಯಾ?" ಎಂದಳು. ಆದರೆ ತೊಟ್ಟುಕೊಂಡು ತೋಳು ಮೇಲೆತ್ತಿ ಇಳಿಸಿ, "ಹಾಕ್ಕೊಂಡಿದ್ದೇ ಗೊತ್ತಾಗಲ್ಲ" ಎಂದು ಒಪ್ಪಿಕೊಂಡಳು. ತಂಗವೇಲು ಎರಡೂ ಕೈಯಿಂದ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡ. ಆದರೂ ವೇಲಿನ ಕೆಳಗೆ ಹೆಸರಿಲ್ಲದ ಬರಿ ಜಾಗವನ್ನು ಅವನು ಒಮ್ಮೆ ನೋಡಿದ್ದು ನನಗೆ ಕಂಡಿತು.

ಹೊರಡುವ ಬೆಳಗ್ಗೆ ನಾನೂ ಸ್ವಲ್ಪ ದೂರ ಹೋದೆ. ಮನೆಯಲ್ಲಿ ಸಾವಾದ ವರ್ಷ ನಮ್ಮವರು ಬೆಟ್ಟದ ಗುಡಿ ಹತ್ತುವುದಿಲ್ಲ. ಹಾಗಾಗಿ ನನಗೆ ಮಾಲೆ ಇಲ್ಲ, ಬನಿಯನ್ನೂ ಇಲ್ಲ. ಕೋವಿಲ್‌ವಳಿಯವರೆಗೆ ಜೊತೆಯಲ್ಲಿ ನಡೆದು ಕಳಿಸಿಬರುವುದು ಎಂದುಕೊಂಡಿದ್ದೆ. ಧಾರಾಪುರದ ರಸ್ತೆ ತುಂಬ ಹಸಿರು. ಯಾವ ಯಾವ ಊರಿನ ಕೂಟಗಳೋ, ಕಾವಡಿಗಳೋ, ಅರೋಹರಾ ಕೂಗುಗಳೋ. ಎಲ್ಲರ ಎದೆ ಬೆನ್ನಿನ ಮೇಲೂ ಊರಿನ ಹೆಸರು, ಬೀದಿಯ ಹೆಸರು, ಬಟ್ಟೆ ಕೊಡಿಸಿದವರ ಹೆಸರು, ಅವರ ಫೋನ್ ನಂಬರು. ನಮ್ಮವರ ಮೈಮೇಲೆ ಮಾತ್ರ ಒಂದಕ್ಷರವೂ ಇಲ್ಲ.

ಕೋವಿಲ್‌ವಳಿಯಲ್ಲಿ ಯಾರೋ ಪುಣ್ಯವಂತರು ಚಪ್ಪರ ಹಾಕಿ ಬಿಸಿ ಪೊಂಗಲ್ ಕೊಡುತ್ತಿದ್ದರು. ನಾವು ದೊನ್ನೆ ಹಿಡಿದು ನಿಂತಿದ್ದಾಗ ಅವಿನಾಶಿ ಕಡೆಯ ಕೂಟದ ಒಬ್ಬ ಯಜಮಾನರು ತಂಗವೇಲುವಿನ ಎದೆಯನ್ನೇ ದಿಟ್ಟಿಸಿ ನೋಡಿದರು.

"ಏನು ಸಾಮೀ, ನಿಮ್ಮ ವೇಲ್ ನೀಲಿ?"

"ಹಾಗೇ ಬಂತು ಸಾಮೀ."

"ಚೆನ್ನಾಗಿದೆ, ನವಿಲು ಬಂದು ಕೂತ ಹಾಗೆ. ಯಾವ ಕೂಟ? ಹೆಸರೇ ಹಾಕಿಲ್ಲವಲ್ಲ."

ತಂಗವೇಲು ಒಂದು ಕ್ಷಣ ನನ್ನ ಕಡೆ ನೋಡಿದ. ನಮ್ಮ ಕೂಟಕ್ಕೆ ಬೀದಿಯ ಹೆಸರೇ ಹೆಸರು, ಹಿಂದಿನಿಂದಲೂ ಹಾಗೆಯೇ. ಅವನು ಅದನ್ನು ಹೇಳಲಿಲ್ಲ.

"ಪೂವಾತ್ತಾ ಕೂಟ" ಎಂದ.

"ಪೂವಾತ್ತಾ ಅಂದ್ರೆ ಯಾವ ಊರಿನ ಅಮ್ಮ? ಕೇಳಿಲ್ಲವಲ್ಲ."

"ದೇವಿ ಅಲ್ಲ ಸಾಮೀ. ನಮ್ಮ ಬೀದೀಲಿ ಇದ್ದೋರು. ಎಲ್ಲರಿಗಿಂತ ಹಿಂದೆ ನಡೀತಿದ್ರು. ಯಾರಾದ್ರೂ ಕುಂಟಿದ್ರೆ..." ಎಂದು ಅವನು ಶುರುಮಾಡಿದ. ಹೇಳುತ್ತ ಹೇಳುತ್ತ ಅವರ ಜೊತೆಯಲ್ಲೇ ನಡೆದುಬಿಟ್ಟ. ದೊನ್ನೆಯನ್ನು ಎಸೆಯುವುದನ್ನೂ ಮರೆತು ಕೈಯಲ್ಲೇ ಹಿಡಿದುಕೊಂಡಿದ್ದ. ಆ ಯಜಮಾನರು ಹಿಂತಿರುಗಿ ತಮ್ಮವರಿಗೆ, "ಬನ್ನಿ ಬನ್ನಿ, ಇವರು ಪೂವಾತ್ತಾ ಕೂಟದವರಂತೆ" ಎಂದು ಕರೆದದ್ದು ಕೇಳಿಸಿತು. ನಮ್ಮ ಮದುವೆಯಾದಾಗಿನಿಂದ ನಾನು ಅವಳನ್ನು ಹೆಸರು ಹಿಡಿದು ಕರೆದವನಲ್ಲ. ನಮ್ಮ ಕಾಲದಲ್ಲಿ ಆ ರೂಢಿ ಇರಲಿಲ್ಲ. ಈಗ ಗುರುತಿಲ್ಲದವರ ಬಾಯಲ್ಲಿ ಆ ಹೆಸರು ರಸ್ತೆಯ ಮೇಲೆ ಹೋಗುತ್ತಿತ್ತು. ಚಪ್ಪರದ ಬಿದಿರು ಹಿಡಿದುಕೊಂಡು, ಕಾಣುವಷ್ಟು ದೂರ ನೋಡಿದೆ. ಮುರುಗಾ, ನಿನಗೂ ಈ ಮಕ್ಕಳಿಗೂ ನಾನು ಏನು ಕೊಡಬಲ್ಲೆ ಎಂದುಕೊಂಡೆ. ಕಣ್ಣು ತುಂಬಿದ್ದರಿಂದ ಹಸಿರೆಲ್ಲ ಒಂದೇ ಆಗಿ ಕಂಡಿತು.

ಮರುದಿನ ಮಧ್ಯಾಹ್ನ ತುಳಸಿಮಣಿ ಧಾರಾಪುರದಿಂದ ಫೋನ್ ಮಾಡಿದಳು. ಹಿಂದೆ ಅಮರಾವತಿ ಹೊಳೆಯಲ್ಲಿ ಸ್ನಾನ ಮಾಡುವವರ ಗದ್ದಲ.

"ಅಣ್ಣಾ, ನಿಮ್ಮಿಂದ ನನ್ನ ಗಂಟಲು ಕಟ್ಟಿಹೋಯ್ತು" ಎಂದಳು.

"ನಾನೇನು ಮಾಡಿದೆನಮ್ಮಾ?"

"ಹೆಜ್ಜೆಗೊಬ್ಬರು ಕೇಳ್ತಾರೆ. ನೀಲಿ ಯಾಕೆ, ಹೆಸರು ಯಾಕಿಲ್ಲ, ಯಾವ ಕೂಟ, ಯಾರು ಪೂವಾತ್ತಾ. ಒಬ್ಬರಿಗೆ ಹೇಳಿ ಮುಗಿಸೋ ಅಷ್ಟರಲ್ಲಿ ಇನ್ನೊಬ್ಬರು. ನಮ್ಮ ತಂಗವೇಲು ಅಂತೂ ಅಕ್ಕ ಅವನನ್ನ ಬೈದ ಬೈಗುಳವನ್ನೂ ಬಿಡದೆ ಹೇಳ್ತಾನೆ. ನಾನು ಸುಮ್ಮನೆ ಎಂಬ್ರಾಯ್ಡರಿ ಮಾಡಿಬಿಟ್ಟಿದ್ರೆ ಓದ್ಕೊಂಡು ಹೋಗ್ತಿದ್ರು. ಮುಂದಿನ ವರ್ಷ ಬರೆಸಿಬಿಡೋಣ ಅಣ್ಣಾ, ನನ್ನ ಕೈಲಾಗಲ್ಲ."

"ಬರೆಸೋದು ಬೇಡಮ್ಮಾ" ಎಂದೆ. "ಶುಂಠಿ ಕಾಫಿ ಕುಡಿದು ಗಂಟಲು ಸರಿಮಾಡ್ಕೋ. ಕೇಳಿದವರಿಗೆಲ್ಲ ಹೇಳ್ತಾ ಹೋಗಿ."